ಎತ್ತರಿಸಿದ 911ರಲ್ಲಿ ಹಿಂದಿನಿಂದ ಟಕಟಕ ಸದ್ದು: ಗೇರ್‌ಬಾಕ್ಸ್ ಇಳಿಸುವ ಮೊದಲು ನೋಡಬೇಕಾದ್ದು

ಹಳೆಯ ಪೋರ್ಷೆ 911 ಅನ್ನು ರ‍್ಯಾಲಿಗೆ ಅಂತ ಎತ್ತರಿಸಿದವರ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಡಾಂಬರು ರಸ್ತೆಯಲ್ಲಿ ಚೆನ್ನಾಗಿಯೇ ಇತ್ತು. ಕಲ್ಲುಮಣ್ಣಿನ ದಾರಿಗೆ ಇಳಿಸಿದ್ದೇ ತಡ, ಹಿಂದಿನಿಂದ ಟಕಟಕ ಶುರುವಾಯಿತು. ಆಕ್ಸಿಲರೇಟರ್ ಒತ್ತಿದರೆ ಸೀಟಿನ ಕೆಳಗೆ ನಡುಕ. ಕಾಲು ತೆಗೆದರೆ ‘ಡಬ್’ ಅಂತ ಒಂದು ಏಟು. ಅಲ್ಲಿಂದ ಎಲ್ಲರ ಅನುಮಾನವೂ ಗೇರ್‌ಬಾಕ್ಸ್ ಮೇಲೇ ಹೋಗುತ್ತದೆ. ಅದನ್ನು ಇಳಿಸಿ, ಬಿಚ್ಚಿ, ದುಡ್ಡು ಸುರಿದು, ಮತ್ತೆ ಕೂರಿಸಿದ ಮೇಲೂ ಸದ್ದು ಹಾಗೇ ಉಳಿಯುವುದುಂಟು. ಗೇರ್‌ಬಾಕ್ಸಿನಲ್ಲಿ ಏನೂ ಆಗಿರುವುದಿಲ್ಲ. ಗಾಡಿಯನ್ನು ಎತ್ತರಿಸಿದಾಗ, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಎಳೆತ ಒಯ್ಯುವ ಡ್ರೈವ್ ಶಾಫ್ಟಿನ ಕೋನ ಬದಲಾಗಿರುತ್ತದೆ, ಅಷ್ಟೇ.

ಇಲ್ಲಿ ಬರೆದಿರುವುದು ಮುಖ್ಯವಾಗಿ 1978ರಿಂದ 1989ರವರೆಗಿನ 911 ಎಸ್‌ಸಿ ಮತ್ತು ಕರೇರಾ 3.2 ಗಾಡಿಗಳಿಗೆ. ಗಾಳಿಯಿಂದ ತಂಪಾಗುವ ಎಂಜಿನ್, ಸ್ಪ್ರಿಂಗಿನ ಬದಲು ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು), ಹಿಂದಿನ ಚಕ್ರಗಳಿಗೆ ಮಾತ್ರ ಡ್ರೈವ್. ಸಫಾರಿ ಮಾದರಿಯಲ್ಲಿ, ಅಂದರೆ ಕಲ್ಲುಮಣ್ಣಿನ ದಾರಿಗೆ ಎತ್ತರಿಸಿ, ಮಾರ್ಪಡಿಸುವವರು ಜಾಸ್ತಿ ಆರಿಸಿಕೊಳ್ಳುವುದು ಇವನ್ನೇ. ಹೊಸ ಗಾಡಿಗಳ ವಿಚಾರ ಕೊನೆಯಲ್ಲಿ ಸ್ವಲ್ಪ ಇದೆ.

ಎಷ್ಟು ಎತ್ತರಿಸಿದ್ದೀರಿ?

ಮೊದಲ ಪ್ರಶ್ನೆ ಇದೇ. ‘ಎರಡು ಇಂಚು ಇರಬೇಕು’ ಅನ್ನುವ ಉತ್ತರ ಸಾಲದು. ಟೇಪು ತೆಗೆದುಕೊಳ್ಳಿ. ಗಾಡಿ ಸಮತಟ್ಟಾದ ನೆಲದ ಮೇಲೆ, ತನ್ನ ಚಕ್ರಗಳ ಮೇಲೆ ನಿಂತಿರಲಿ. ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಹಿಂದಿನ ಎಡ ಬಲಗಳ ನಡುವೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಟಾರ್ಶನ್ ಬಾರ್ ಕೂರಿಸಿದ್ದೇ ಸರಿ ಇಲ್ಲ ಅಂತ ಮೊದಲು ಅನುಮಾನಿಸಿ. ಈ ಬಾರಿನ ಒಳತುದಿಯಲ್ಲಿ 40 ಹಲ್ಲು, ಹೊರತುದಿಯಲ್ಲಿ 44 ಹಲ್ಲು ಇರುತ್ತವೆ. ಒಳಗೆ ಒಂದು ಹಲ್ಲು ತಿರುಗಿಸಿದರೆ 9 ಡಿಗ್ರಿ, ಹೊರಗೆ ಒಂದು ಹಲ್ಲು ಅಂದರೆ 8 ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ಒಂದನ್ನು ಈ ಕಡೆ, ಇನ್ನೊಂದನ್ನು ಆ ಕಡೆ ತಿರುಗಿಸಿದರೆ ಒಂದು ಡಿಗ್ರಿಗಿಂತಲೂ ಕಡಿಮೆ ಹೊಂದಾಣಿಕೆ ಸಿಗುತ್ತದೆ. ಜಾಣ ಏರ್ಪಾಡು. ಆದರೆ ಒಂದು ಕಡೆ ಒಂದೇ ಹಲ್ಲು ತಪ್ಪಿದರೂ ಗಾಡಿ ವಾಲಿಕೊಂಡು ನಿಲ್ಲುತ್ತದೆ.

ಎತ್ತರದ ಆಸೆಗೆ ಮಿತಿ ಬೇಕು. 1978ರ ಸಫಾರಿ ರ‍್ಯಾಲಿಗೆ ಪೋರ್ಷೆ ಕಂಪನಿ ಎರಡು 911 ಎಸ್‌ಸಿ ಕಳಿಸಿತ್ತು. ವಿಕ್ ಪ್ರೆಸ್ಟನ್ ಜೂನಿಯರ್ ಎರಡನೇ ಸ್ಥಾನಕ್ಕೆ ಬಂದರು, ಬ್ಯೋರ್ನ್ ವಾಲ್ಡೆಗಾರ್ಡ್ ನಾಲ್ಕನೆಯವರಾದರು. ಆ ಗಾಡಿಗಳ ಹೊಟ್ಟೆ ನೆಲದಿಂದ ಸುಮಾರು 28 ಸೆಂ.ಮೀ. ಮೇಲಿತ್ತು. ಆ ಫೋಟೊ ನೋಡಿ ತಮಗೂ ಅಷ್ಟೇ ಬೇಕು ಅನ್ನುವವರು ತುಂಬಾ ಜನ. ಕೀನ್ಯಾದ ಕೆಸರಿಗೂ ಕಲ್ಲಿಗೂ ಅದು ಬೇಕಾಗಿತ್ತು. ಹಿಂದೆ ಸರ್ವಿಸ್ ತಂಡ, ಬಿಡಿಭಾಗ ತುಂಬಿದ ಗಾಡಿ ಎಲ್ಲಾ ಇದ್ದವು. ಅದೇ ಕಂಪನಿ 2022ರಲ್ಲಿ 911 ಡಾಕಾರ್ ತಂದಾಗ ಕೊಟ್ಟ ಎತ್ತರ 161 ಮಿ.ಮೀ. ಮಾತ್ರ. ಬೇಕೆಂದಾಗ ಇನ್ನೊಂದು 30 ಮಿ.ಮೀ. ಏರುತ್ತದೆ. ಅಷ್ಟು ಅನುಭವ ಇರುವವರೇ ಅಲ್ಲಿಗೆ ನಿಲ್ಲಿಸಿದ್ದಾರೆ ಅಂದರೆ ಅದಕ್ಕೆ ಕಾರಣ ಇರಬೇಕು, ಅಲ್ವಾ?

ಆ ಕಾರಣಗಳಲ್ಲಿ ದೊಡ್ಡದು ಡ್ರೈವ್ ಶಾಫ್ಟ್. ಬಾಡಿ ಎತ್ತರವಾದರೆ ಅದರ ಜೊತೆ ಗೇರ್‌ಬಾಕ್ಸ್ ಕೂಡ ಮೇಲೆ ಹೋಗುತ್ತದೆ. ಚಕ್ರ ನೆಲದಲ್ಲೇ ಇರುತ್ತದೆ. ನಡುವಿನ ಶಾಫ್ಟ್ ಹೊರಮುಖವಾಗಿ ಇಳಿಜಾರಾಗುತ್ತದೆ. ಲೆಕ್ಕಕ್ಕೆ ಎರಡು ಜಾಯಿಂಟುಗಳ ನಡುವೆ 40 ಸೆಂ.ಮೀ. ಇದೆ, ಶಾಫ್ಟ್ ಮೊದಲು ಮಟ್ಟವಾಗಿತ್ತು ಅಂತ ಇಟ್ಟುಕೊಳ್ಳಿ. 5 ಸೆಂ.ಮೀ. ಎತ್ತರಿಸಿದರೆ ಸುಮಾರು 7 ಡಿಗ್ರಿ. ಅದರ ಮೇಲೆ ಗುಂಡಿ ಹಾರಿದಾಗ ಚಕ್ರ ಇನ್ನೂ 10 ಸೆಂ.ಮೀ. ಕೆಳಗೆ ಜೋತರೆ 22 ಡಿಗ್ರಿ ಆಗುತ್ತದೆ. ಶಾಫ್ಟಿನ ಎರಡು ತುದಿಯಲ್ಲೂ ಇರುವ, ಅದು ಓರೆಯಾದರೂ ತಿರುಗುವಂತೆ ಮಾಡುವ ಜಾಯಿಂಟಿಗೆ ಸಿವಿ ಜಾಯಿಂಟ್ ಅನ್ನುತ್ತಾರೆ. ಇಷ್ಟು ಓರೆಯಲ್ಲಿ ಅದರ ಗುಂಡುಗಳು ತಮ್ಮ ತೋಡಿನ ಅಂಚಿಗೆ ಬಂದು, ಅವನ್ನು ಹಿಡಿದಿಡುವ ಬಳೆಗೆ, ಅಂದರೆ ಕೇಜಿಗೆ, ಒತ್ತುತ್ತವೆ. ಆ ಕ್ಷಣದಲ್ಲಿ ಎಂಜಿನ್ ಪೂರ್ತಿ ಎಳೆಯುತ್ತಿದ್ದರೆ ಜಾಯಿಂಟ್ ಉಳಿಯುವುದು ಕಷ್ಟ.

ಮೊದಲು ತೊಳೆಯಿರಿ

ತಮಾಷೆ ಅಲ್ಲ. ರಿಮ್ಮಿನ ಒಳಮೈಗೆ ರೊಟ್ಟಿ ತಟ್ಟಿದ ಹಾಗೆ ಕೆಸರು ಅಂಟಿ ಒಣಗಿರುತ್ತದೆ. ಗಂಟೆಗೆ 60–80 ಕಿ.ಮೀ. ವೇಗದಲ್ಲಿ ಇಡೀ ಗಾಡಿ ನಡುಗಲು ಅಷ್ಟೇ ಸಾಕು. ಚಕ್ರ ಬಿಚ್ಚಿ, ಒಳಗಡೆ ಉಜ್ಜಿ ತೊಳೆಯಿರಿ. ಟೈರಿನ ತೋಡುಗಳಲ್ಲಿ ಸಿಕ್ಕಿಕೊಂಡ ಕಲ್ಲು ತೆಗೆಯಿರಿ. ಬ್ರೇಕ್ ಡಿಸ್ಕಿನ ಹಿಂದಿನ ತಗಡಿನ ಸಂದಿಯಲ್ಲಿ ಹೊಕ್ಕ ಒಂದು ಕಡಲೆ ಗಾತ್ರದ ಕಲ್ಲು ಮಾಡುವ ಸದ್ದು ಬೇರಿಂಗ್ ಹೋದ ಸದ್ದಿನಂತೆಯೇ ಇರುತ್ತದೆ. ಆಲ್ ಟೆರೇನ್ ಟೈರ್ ತಾನೇ ಡಾಂಬರಿನ ಮೇಲೆ ಗುಂಯ್ಗುಡುತ್ತದೆ ಅನ್ನುವುದೂ ನೆನಪಿರಲಿ. ಅನುಮಾನ ಇದ್ದರೆ ರಸ್ತೆ ಟೈರ್ ಹಾಕಿ ಒಂದು ಸುತ್ತು ಓಡಿಸಿ ನೋಡಿ.

ಸದ್ದನ್ನು ಬೇರ್ಪಡಿಸುವುದು

ಮುಂದಿನ ಚಕ್ರಕ್ಕೆ ಡ್ರೈವ್ ಇರುವ ಕಾರುಗಳಲ್ಲಿ ಸಿವಿ ಹೋದರೆ ಗೊತ್ತಾಗುವುದು ಸುಲಭ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೊರಟರೆ ಕಟಕಟ ಅನ್ನುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟದ ಸ್ಟೇಜುಗಳಲ್ಲಿ ಓಡುವ ಪೋಲೊಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್‌ಗಳಿಗೆ ಈ ಪರೀಕ್ಷೆ ಕಣ್ಣು ಮುಚ್ಚಿದರೂ ಬರುತ್ತದೆ. 911ರಲ್ಲಿ ಇದು ನಡೆಯುವುದಿಲ್ಲ. ಸ್ಟೀರಿಂಗಿನ ಜೊತೆ ಹಿಂದಿನ ಚಕ್ರ ತಿರುಗುವುದೇ ಇಲ್ಲವಲ್ಲ. ಇಲ್ಲಿ ಕೇಳಬೇಕಾದ್ದು ಆಕ್ಸಿಲರೇಟರಿಗೂ ಸದ್ದಿಗೂ ಇರುವ ಸಂಬಂಧ.

ಖಾಲಿ ರಸ್ತೆಯಲ್ಲಿ ಸುಮಾರು 60ರ ವೇಗಕ್ಕೆ ಬಂದು ನ್ಯೂಟ್ರಲ್ ಮಾಡಿ, ಗಾಡಿ ತಾನಾಗಿ ಉರುಳಲಿ. ಸದ್ದು ನಿಂತುಹೋದರೆ ಶಾಫ್ಟ್, ಜಾಯಿಂಟ್, ಮೌಂಟಿಂಗ್, ಗೇರ್‌ಬಾಕ್ಸ್ ಈ ಗುಂಪಿನಲ್ಲಿ ಹುಡುಕಬೇಕು. ಹಾಗೇ ಮುಂದುವರಿದರೆ ಚಕ್ರದ ಬೇರಿಂಗ್, ಟೈರ್, ಬ್ರೇಕ್. ಬೇರಿಂಗಿನದ್ದಾದರೆ ಗಾಡಿಯನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ವಾಲಿಸಿದಾಗ ಗುಂಯ್ ಸದ್ದು ಏರಿಳಿಯುತ್ತದೆ. ಭಾರ ಬಿದ್ದ ಕಡೆಯ ಬೇರಿಂಗ್ ಜೋರಾಗಿ ಅಳುತ್ತದೆ.

ಗುಂಡಿಗೆ ಬಿದ್ದಾಗ ಮಾತ್ರ ಬರುವ ಏಟಿಗೂ ಶಾಫ್ಟಿಗೂ ಸಂಬಂಧ ಇಲ್ಲ. ಅದು ಶಾಕ್ ಅಬ್ಸಾರ್ಬರ್ ಕಡೆಯದು. ಆಕ್ಸಿಲರೇಟರ್ ಒತ್ತಿದಾಗ ಒಂದು, ಬಿಟ್ಟಾಗ ಒಂದು ಏಟು ಬಂದರೆ ಸಿವಿ ಬೋಲ್ಟ್ ಸಡಿಲ, ಇಲ್ಲ ಎಂಜಿನ್ ಅಥವಾ ಗೇರ್‌ಬಾಕ್ಸ್ ಮೌಂಟಿಂಗ್ ರಬ್ಬರ್ ಹರಿದಿದೆ. ಎಳೆಯುವಾಗ ನಡುಕ, ವೇಗಕ್ಕೆ ತಕ್ಕ ಹಾಗೆ ಏರುವ ಟಕಟಕ ಅಂದರೆ ಬಹುತೇಕ ಸಿವಿ ಜಾಯಿಂಟೇ.

ಗಾಡಿಯ ಕೆಳಗೆ

ಹಿಂದಿನ ಎರಡೂ ಚಕ್ರ ಎತ್ತಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ. ಮುಂದಿನ ಚಕ್ರಗಳಿಗೆ ಅಡ್ಡ ಇಟ್ಟು, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಇಳಿಸಿ.

ಮೊದಲು ಕಣ್ಣಿಗೆ ಕಾಣುವುದನ್ನು ನೋಡಿ. ಸಿವಿ ಬೂಟ್, ಅಂದರೆ ಜಾಯಿಂಟನ್ನು ಮುಚ್ಚುವ ರಬ್ಬರ್ ಚೀಲ, ಹರಿದಿದ್ದರೆ ಸುತ್ತಲೂ ಕಪ್ಪು ಗ್ರೀಸ್ ಒಂದೇ ಗೆರೆಯಲ್ಲಿ ಚಿಮ್ಮಿರುತ್ತದೆ. ಹರಿಯದೆ, ಮಡಿಕೆಗಳು ಒಂದಕ್ಕೊಂದು ಉಜ್ಜಿ ಹೊಳಪು ಬಂದಿದ್ದರೆ ಕೋನ ಜಾಸ್ತಿಯಾಗಿದೆ ಅಂತಲೇ ಅರ್ಥ. ಬೂಟ್ ಇನ್ನೂ ಸರಿ ಇದೆ ಅಂತ ಸಮಾಧಾನ ಪಡಬೇಡಿ.

ಆಮೇಲೆ ಜಾಯಿಂಟನ್ನು ಫ್ಲ್ಯಾಂಜಿಗೆ (ಅದು ಕೂರುವ ಚಪ್ಪಟೆ ಬಿಲ್ಲೆಗೆ) ಹಿಡಿದಿರುವ ಬೋಲ್ಟುಗಳು. ಒಂದೊಂದಕ್ಕೂ ಪಾನಾ ಹಾಕಿ ನೋಡಿ. ಒಂದು ಸಡಿಲ ಸಿಕ್ಕರೂ ಆ ಜಾಯಿಂಟಿನ ಎಲ್ಲಾ ಬೋಲ್ಟ್ ಬಿಚ್ಚಿ. ಸುಮ್ನೆ ಬಿಗಿ ಮಾಡಿ ಬಿಟ್ಟರೆ ಮತ್ತೆ ಸಡಿಲವಾಗುತ್ತದೆ. ಯಾಕಂದ್ರೆ ಒಳಗಿನ ಗ್ರೀಸ್ ಜಿನುಗಿ ಬೋಲ್ಟಿನ ಥ್ರೆಡ್ಡಿಗೂ ಫ್ಲ್ಯಾಂಜಿನ ಮುಖಕ್ಕೂ ಹತ್ತಿರುತ್ತದೆ. ಎಣ್ಣೆ ಹತ್ತಿದ ಮುಖ ಹಿಡಿದುಕೊಳ್ಳುವುದಿಲ್ಲ, ಜಾರುತ್ತದೆ. ಎರಡೂ ಮುಖ, ಬೋಲ್ಟು, ಅದು ಹೋಗುವ ತೂತು ಎಲ್ಲವನ್ನೂ ಬ್ರೇಕ್ ಕ್ಲೀನರ್‌ನಿಂದ ಒಣಗುವಂತೆ ತೊಳೆಯಿರಿ. ಹಲ್ಲಿನ ಲಾಕ್ ವಾಷರ್ ಹೊಸದು ಹಾಕಿ. ಬೋಲ್ಟಿನ ಅಳತೆ ವರ್ಷದಿಂದ ವರ್ಷಕ್ಕೆ ಬೇರೆ. ಹಾಗಾಗಿ ಟಾರ್ಕ್ ಎಷ್ಟು ಅನ್ನುವುದನ್ನು ನಿಮ್ಮ ಗಾಡಿಯ ವರ್ಷದ ವರ್ಕ್‌ಶಾಪ್ ಪುಸ್ತಕದಲ್ಲೇ ನೋಡಿ, ಟಾರ್ಕ್ ರೆಂಚಿನಲ್ಲೇ ಕೊಡಿ. ಕೊನೆಗೆ ಬೋಲ್ಟಿನ ತಲೆಯಿಂದ ಫ್ಲ್ಯಾಂಜಿನವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ಮುಂದಿನ ಸರ್ವಿಸ್ ಜಾಗದಲ್ಲಿ ಟಾರ್ಚ್ ಬಿಟ್ಟರೆ ಸಾಕು. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ.

ಇನ್ನು ಅಸಲಿ ಪರೀಕ್ಷೆ. ಚಕ್ರಗಳು ಪೂರ್ತಿ ಜೋತಿರುವಾಗಲೇ ಒಂದು ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. ಇನ್ನೊಂದು ಕೈ ಶಾಫ್ಟಿನ ಮೇಲಿರಲಿ. ಒಳ್ಳೆಯ ಜಾಯಿಂಟ್ ಒಂದೇ ಸಮ ತಿರುಗುತ್ತದೆ. ಕೋನ ಮೀರಿದ್ದರೆ ಒಂದು ಜಾಗದಲ್ಲಿ ಬಿಗಿ, ಮುಂದೆ ಹಗುರ, ಮತ್ತೆ ಬಿಗಿ. ಕೆಲವೊಮ್ಮೆ ಕೈಗೆ ಸಣ್ಣಗೆ ‘ಕಳಕ್’ ಅನ್ನುವುದು ತಿಳಿಯುತ್ತದೆ. ಈಗ ಇನ್ನೊಂದು ಜಾಕನ್ನು ಆ ಕಡೆಯ ಟ್ರೇಲಿಂಗ್ ಆರ್ಮಿನ (ಚಕ್ರವನ್ನು ಬಾಡಿಗೆ ಸೇರಿಸುವ ತೋಳಿನ) ಕೆಳಗಿಟ್ಟು ಒಂದು ಸೆಂಟಿಮೀಟರ್ ಎತ್ತಿ. ಮತ್ತೆ ತಿರುಗಿಸಿ. ಇನ್ನೊಂದು ಸೆಂಟಿಮೀಟರ್. ಬಿಗಿ ಪೂರ್ತಿ ಹೋಗಿ ಚಕ್ರ ನುಣ್ಣಗೆ ತಿರುಗಿದ ಕಡೆ ನಿಲ್ಲಿಸಿ. ಚಕ್ರದ ಮಧ್ಯದಿಂದ ಮಡ್‌ಗಾರ್ಡ್ ಅಂಚಿಗೆ ಅಳೆದು ಬರೆದುಕೊಳ್ಳಿ. ಶಾಫ್ಟಿನ ಮೇಲೆ ಆಯಸ್ಕಾಂತದ ಆಂಗಲ್ ಗೇಜ್ ಇಟ್ಟು ಕೋನವನ್ನೂ ಬರೆದುಕೊಳ್ಳಿ. ಚಕ್ರ ಇದಕ್ಕಿಂತ ಕೆಳಗೆ ಎಂದೂ ಹೋಗಕೂಡದು.

ಎಷ್ಟೋ ಗಾಡಿಗಳಲ್ಲಿ ಕಾರಣ ಇಲ್ಲೇ ಸಿಗುತ್ತದೆ. 911ರ ಹಿಂಭಾಗದಲ್ಲಿ ಚಕ್ರ ಎಷ್ಟು ಕೆಳಗೆ ಜೋತಾಡಬಹುದು ಅನ್ನುವುದನ್ನು ತಡೆದು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಎತ್ತರಿಸುವಾಗ ಉದ್ದದ ಶಾಕ್ ಹಾಕುತ್ತಾರೆ. ಚಕ್ರಕ್ಕೆ ಓಟ, ಅಂದರೆ ಮೇಲೆ ಕೆಳಗೆ ಆಡುವ ದೂರ, ಜಾಸ್ತಿ ಸಿಕ್ಕಿತು ಅಂತ ಖುಷಿ. ಆದರೆ ಆ ಹೆಚ್ಚಿನ ಓಟವೆಲ್ಲಾ ಕೆಳಮುಖವಾಗಿಯೇ ಸಿಕ್ಕಿರುತ್ತದೆ, ಜಾಯಿಂಟ್ ಅಷ್ಟು ಬಗ್ಗುವುದಿಲ್ಲ. ಪರಿಹಾರ ಅಗ್ಗ: ಆರ್ಮಿಗೂ ಬಾಡಿಗೂ ನಡುವೆ ದಪ್ಪ ನೈಲಾನ್ ಲಿಮಿಟ್ ಪಟ್ಟಿ ಕಟ್ಟುವುದು. ಈಗ ಬರೆದುಕೊಂಡ ಅಳತೆಗಿಂತ ಸ್ವಲ್ಪ ಮೇಲೆಯೇ ಅದು ಬಿಗಿಯಾಗಬೇಕು. ಹೊಸ ಪಟ್ಟಿ ಎಳೆದಂತೆಲ್ಲಾ ಹಿಗ್ಗುತ್ತದೆ, ಅದಕ್ಕೂ ಜಾಗ ಬಿಡಿ. ನನ್ನ ಪ್ರಕಾರ ಪಟ್ಟಿ ಇಲ್ಲದೆ ಉದ್ದದ ಶಾಕ್ ಹಾಕುವುದು ಅರ್ಧ ಕೆಲಸ.

ಪಟ್ಟಿ ಕಟ್ಟಿದ ಮೇಲೆ ಓಟ ತೀರಾ ಕಡಿಮೆಯಾಯಿತು ಅನಿಸಿದರೆ ಎರಡು ದಾರಿ. ಗಾಡಿಯನ್ನು ಎರಡು ಸೆಂಟಿಮೀಟರ್ ಇಳಿಸುವುದು, ಇಲ್ಲ ಹೆಚ್ಚು ಬಗ್ಗುವ ಜಾಯಿಂಟ್ ಹಾಕುವುದು. 930 ಅಂದರೆ ಹಳೆಯ 911 ಟರ್ಬೊ. ಅದರ ಸಿವಿ ಜಾಯಿಂಟನ್ನು ಅಮೆರಿಕದ ಮರುಭೂಮಿ ಬಗ್ಗಿಗಳಲ್ಲಿ ದಶಕಗಳಿಂದ ಬಳಸುತ್ತಿದ್ದಾರೆ. ಅಲ್ಲಿಯವರು ಕೇಜನ್ನು ಕೆತ್ತಿ ಇನ್ನೂ ಬಗ್ಗುವಂತೆ ಮಾಡಿಕೊಳ್ಳುತ್ತಾರೆ. ಒಳ್ಳೆಯದೇ, ಆದರೆ ಫ್ಲ್ಯಾಂಜ್, ಶಾಫ್ಟ್ ಎಲ್ಲಾ ಹೊಂದಿಸಬೇಕು. ನಾನಾದರೆ ಮೊದಲು ಎರಡು ಸೆಂಟಿಮೀಟರ್ ಇಳಿಸಿ ನೋಡುತ್ತೇನೆ.

ಜಾಯಿಂಟ್ ಬಿಚ್ಚಿದ್ದೀರಿ ಅಂದರೆ ಪೂರ್ತಿ ತೊಳೆದು ಒಳಗೆ ನೋಡಿ. ತೋಡಿನಲ್ಲಿ ಉಗುರು ಆಡಿಸಿದಾಗ ತಗ್ಗು ಸಿಕ್ಕರೆ, ಲೋಹ ಎದ್ದಿದ್ದರೆ, ನೀಲಿ ಬಣ್ಣ ತಿರುಗಿದ್ದರೆ ಬದಲಾಯಿಸಿ. ಬರೀ ಹೊಳಪಿನ ಗೆರೆ ಇದ್ದರೆ ಎಡದ ಶಾಫ್ಟನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಬಹುದು. ಆಗ ಸವೆಯದ ಮುಖಕ್ಕೆ ಎಳೆತ ಬೀಳುತ್ತದೆ. ಗ್ರೀಸ್ ಅಂದರೆ ಮಾಲಿಬ್ಡಿನಮ್ ಇರುವ ಸಿವಿ ಗ್ರೀಸೇ ಆಗಬೇಕು. ಬೇರಿಂಗಿಗೆ ಹಾಕಿ ಮಿಕ್ಕಿದ ಡಬ್ಬಿಯದ್ದಲ್ಲ. ಮಣ್ಣು ಒಳಗೆ ಹೋದ ಜಾಯಿಂಟಿಗೆ ಹೊಸ ಬೂಟ್ ಮಾತ್ರ ಹಾಕಿ ಮುಚ್ಚುವುದು ಬೇಡ. ಒಳಗೆ ಉಳಿದ ಮರಳು ಹೊಸ ಗ್ರೀಸನ್ನೂ ಕೆಡಿಸುತ್ತದೆ.

ಶಾಕ್ ಮೌಂಟಿಂಗ್ ಬಿರುಕು

ಗುಂಡಿಗೆ ಬಿದ್ದಾಗ ಏಟು ಬರುತ್ತಿದ್ದರೆ ಹಿಂದಿನ ಶಾಕಿನ ಮೇಲ್ತುದಿ ಬಾಡಿಗೆ ಸೇರುವ ಜಾಗ ನೋಡಿ. ರ‍್ಯಾಲಿಗೆ ಬಳಸಿದ ಹಳೆಯ ಬಾಡಿಯಲ್ಲಿ ಅಲ್ಲಿ ತಗಡು ಬಿರಿಯುವುದು ಸಾಮಾನ್ಯ. ಬಣ್ಣ ಕೂದಲೆಳೆಯಷ್ಟು ಸೀಳಿ, ಸೀಳಿನಲ್ಲಿ ತುಕ್ಕಿನ ಗೆರೆ ಕಂಡರೆ ಬಿರುಕು ಇದೆ. ಬುಷ್ ಬದಲಾಯಿಸಿ ಸದ್ದು ಹೋಗಲಿಲ್ಲ ಅನ್ನುವವರು ನೋಡದೆ ಬಿಟ್ಟ ಜಾಗ ಇದು. ಬರೀ ವೆಲ್ಡಿಂಗ್ ಗೆರೆ ಎಳೆದರೆ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಭಾರ ಹರಡುವಂತೆ ಪ್ಲೇಟ್ ಕೊಟ್ಟು ವೆಲ್ಡ್ ಮಾಡಿಸಬೇಕು.

ಮುಂದಿನ ಚಕ್ರ ಹೇಳಿದ ಮಾತು ಕೇಳದಿದ್ದರೆ

ನೇರ ಹೋಗುವಾಗ ಉಬ್ಬು ಸಿಕ್ಕ ತಕ್ಷಣ ಗಾಡಿ ತಾನೇ ಎಡಕ್ಕೋ ಬಲಕ್ಕೋ ಹಾರುತ್ತದೆ, ಸ್ಟೀರಿಂಗ್ ಕೈಗೆ ಒದೆಯುತ್ತದೆ. ಅಲೈನ್‌ಮೆಂಟ್ ಮಾಡಿಸಿದರೆ ಎಲ್ಲಾ ಸರಿ ಅಂತ ಚೀಟಿ ಬರುತ್ತದೆ. ಅಲೈನ್‌ಮೆಂಟ್ ನೋಡುವುದು ನಿಂತ ಗಾಡಿಯನ್ನು. ತೊಂದರೆ ಇರುವುದು ಚಕ್ರ ಏರಿಳಿಯುವಾಗ. ಎತ್ತರಿಸಿದಾಗ, ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡಿನ ಓರೆಯೂ ಕೆಳಗಿನ ಆರ್ಮಿನ ಓರೆಯೂ ಒಂದಕ್ಕೊಂದು ಹೊಂದದೆ ಹೋಗುತ್ತವೆ. ಆಗ ಚಕ್ರ ಮೇಲೆ ಕೆಳಗೆ ಆಡುವಾಗ ತಾನೇ ತಿರುಗಿಕೊಳ್ಳುತ್ತದೆ. ಇದಕ್ಕೆ ಬಂಪ್ ಸ್ಟಿಯರ್ ಅನ್ನುತ್ತಾರೆ.

ನೋಡುವ ಬಗೆ ಹೀಗೆ. ಸ್ಟೀರಿಂಗನ್ನು ನೇರವಾಗಿ ಅಲುಗದಂತೆ ಕಟ್ಟಿ, ಮುಂದಿನ ಎರಡೂ ಚಕ್ರ ಎತ್ತಿ. ಒಂದು ಚಕ್ರಕ್ಕೆ ಉದ್ದದ ನೇರ ಹಲಗೆ ಕಟ್ಟಿ. ಆರ್ಮಿನ ಕೆಳಗೆ ಜಾಕ್ ಕೊಟ್ಟು ಎರಡೆರಡು ಸೆಂಟಿಮೀಟರ್ ಎತ್ತುತ್ತಾ, ಹಲಗೆಯ ಎರಡು ತುದಿಯಿಂದ ಪಕ್ಕದ ಗೋಡೆಗೆ ಎಷ್ಟು ದೂರ ಅಂತ ಅಳೆಯಿರಿ. ಎರಡು ತುದಿಗಳ ವ್ಯತ್ಯಾಸ ಬದಲಾಗುತ್ತಾ ಹೋದರೆ ಚಕ್ರ ತಿರುಗುತ್ತಿದೆ. ಸ್ಟೀರಿಂಗ್ ರ‍್ಯಾಕಿನ ಎತ್ತರವನ್ನೋ ಟೈ ರಾಡ್ ತುದಿಯ ಎತ್ತರವನ್ನೋ ಸರಿಮಾಡಬೇಕು. ಎಡಕ್ಕೂ ಬಲಕ್ಕೂ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಗೋ ಹೊರಗೋ ವಾಲಿರುವುದು) ಬೇರೆ ಬೇರೆ ಬಂದರೆ ಅದು ಬೇರೆ ಕಥೆ: ಹಾರಿ ಬಿದ್ದಾಗ ಸ್ಟ್ರಟ್ ಬಾಗಿರುತ್ತದೆ.

ಆಯಿಲ್ ಬಿಸಿ

ಈ ಗಾಡಿಗಳಲ್ಲಿ ಸುಮಾರು 13 ಲೀಟರ್ ಆಯಿಲ್ ಹಿಡಿಯುತ್ತದೆ. ಎಂಜಿನ್ ತಂಪಾಗುವುದು ಗಾಳಿಯಷ್ಟೇ ಆಯಿಲಿನಿಂದಲೂ. ಎಂಜಿನ್ ಹಿಂದೆ, ಆಯಿಲ್ ಕೂಲರ್ ಮುಂದಿನ ಬಲ ಮಡ್‌ಗಾರ್ಡಿನ ಒಳಗೆ. ನಡುವಿನ ಪೈಪುಗಳು ಬಲಗಡೆಯ ಬಾಗಿಲ ಕೆಳಗಿನ ಅಂಚಿನಲ್ಲಿ ಹೋಗುತ್ತವೆ. ಕಲ್ಲಿನ ದಾರಿಗೆ ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗದು.

ಮೊದಲು ಆಯಿಲ್ ಮಟ್ಟ. ಎಂಜಿನ್ ಚೆನ್ನಾಗಿ ಬಿಸಿಯಾಗಿ, ಐಡಲ್‌ನಲ್ಲಿ ಓಡುತ್ತಿರುವಾಗ, ಸಮತಟ್ಟು ನೆಲದಲ್ಲಿ ನೋಡಬೇಕು. ತಣ್ಣಗಿರುವಾಗ ಕಡ್ಡಿ ನೋಡಿ ಕಮ್ಮಿ ಇದೆ ಅಂತ ಸುರಿದರೆ ಜಾಸ್ತಿಯಾಗಿ ಹೊಗೆ ಉಗುಳುತ್ತದೆ. ಮಟ್ಟ ಸರಿ ಇದ್ದೂ ಬಿಸಿಯಾದರೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಆ ಎರಡು ಪೈಪುಗಳನ್ನು ಅಳೆಯಿರಿ. ಮೀಟರ್ ಕೆಂಪಿನತ್ತ ಇದ್ದರೂ ಪೈಪುಗಳು ತಣ್ಣಗಿವೆಯೇ? ಥರ್ಮೋಸ್ಟಾಟ್ ತೆರೆಯುತ್ತಿಲ್ಲ, ಇಲ್ಲವೇ ಪೈಪ್ ಜಜ್ಜಿ ಆಯಿಲ್ ಹೋಗುತ್ತಿಲ್ಲ. ಎರಡೂ ಒಂದೇ ಸಮ ಬಿಸಿಯೇ? ಕೂಲರ್ ಕೆಸರಿನಿಂದ ಮುಚ್ಚಿಕೊಂಡಿದೆ. ಹೋಗುವ ಪೈಪಿಗಿಂತ ಬರುವ ಪೈಪ್ ಚೆನ್ನಾಗಿ ತಣ್ಣಗಿದ್ದರೆ ಕೂಲರ್ ತನ್ನ ಕೆಲಸ ಮಾಡುತ್ತಿದೆ. ಆಗ ಫ್ಯಾನ್ ಬೆಲ್ಟ್, ಎಂಜಿನ್ ಸುತ್ತಲಿನ ಹರಿದ ರಬ್ಬರ್ ಸೀಲ್, ಇಗ್ನಿಷನ್ ಟೈಮಿಂಗ್ ಕಡೆ ತಿರುಗಿ.

ಧೂಳು

ಎಸ್‌ಸಿ ಗಾಡಿಯಲ್ಲಿ ಕೆ-ಜೆಟ್ರಾನಿಕ್ ಇಂಜೆಕ್ಷನ್ ಇದೆ. ಒಳಗೆ ಹೋಗುವ ಗಾಳಿಯನ್ನು ಒಂದು ತಟ್ಟೆ ತೂಗಿ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ತಟ್ಟೆಯ ಆಚೆ ಎಲ್ಲಿಂದಲಾದರೂ ಗಾಳಿ ಕದ್ದು ಒಳಗೆ ಬಂದರೆ ಲೆಕ್ಕ ತಪ್ಪುತ್ತದೆ. ಐಡಲ್ ಏರಿಳಿಯುತ್ತದೆ, ಶಕ್ತಿ ಇಳಿಯುತ್ತದೆ, ಒಮ್ಮೊಮ್ಮೆ ಹಿಮ್ಮುಖ ಸಿಡಿದು ಪ್ಲಾಸ್ಟಿಕ್ ಏರ್‌ಬಾಕ್ಸೇ ಒಡೆಯುತ್ತದೆ. ಪರೀಕ್ಷೆ ಸುಲಭ. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಎಂಜಿನ್ ತಡವರಿಸಬೇಕು. ಏನೂ ಆಗದಿದ್ದರೆ ಗಾಳಿ ಈಗಾಗಲೇ ಬೇರೆಲ್ಲಿಂದಲೋ ಹೋಗುತ್ತಿದೆ. ಫಿಲ್ಟರ್ ದಾಟಿದ ಮೇಲಿನ ಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕೆಂಪು ಮಣ್ಣು ಹತ್ತಿದರೆ ಫಿಲ್ಟರ್ ಅಂಚಿನಲ್ಲಿ ಸರಿಯಾಗಿ ಕೂತಿಲ್ಲ.

ಹೊಸ ಗಾಡಿಗಳಲ್ಲಿ

911 ಡಾಕಾರ್, ಲ್ಯಾಂಬೋರ್ಗಿನಿ ಹುರಕಾನ್ ಸ್ಟೆರಾಟೊ ಇವೆಲ್ಲಾ ಕಂಪನಿಯೇ ಎತ್ತರಿಸಿ ಕೊಟ್ಟವು. ಕೋನದ ಲೆಕ್ಕ ಅವರೇ ಮಾಡಿರುತ್ತಾರೆ. ಇವುಗಳ ಮೇಲೆ ಮತ್ತೊಂದು ಲಿಫ್ಟ್ ಕಿಟ್ ಹಾಕುವವರಿದ್ದಾರೆ, ಅವರಿಗೆ ಮೇಲಿನದ್ದೆಲ್ಲಾ ಮತ್ತೆ ಅನ್ವಯಿಸುತ್ತದೆ. ಉಳಿದವರು ದೋಷ ಅಂದುಕೊಳ್ಳುವುದರಲ್ಲಿ ಅರ್ಧ ದೋಷವೇ ಅಲ್ಲ. ಮರಳಿಗೆ ಅಂತ ಟೈರಿನ ಗಾಳಿ ಇಳಿಸಿದರೆ ಎಚ್ಚರಿಕೆ ದೀಪ ಬರುತ್ತದೆ. ಡಾಕಾರ್ ಎತ್ತರದ ಸ್ಥಿತಿಯಲ್ಲಿ ಗಂಟೆಗೆ 170 ಕಿ.ಮೀ. ದಾಟಿದರೆ ತಾನಾಗಿ ತಗ್ಗುತ್ತದೆ. ಅದೂ ಲೀಕ್ ಅಲ್ಲ.

ನಾಲ್ಕು ಚಕ್ರಕ್ಕೂ ಡ್ರೈವ್ ಇರುವುದರಿಂದ ಟೈರ್ ವಿಚಾರದಲ್ಲಿ ಮಾತ್ರ ಹುಷಾರು. ಡಾಕಾರ್‌ಗೆ ಮುಂದೆ 19, ಹಿಂದೆ 20 ಇಂಚಿನ ಟೈರ್. ಒಂದು ಹರಿಯಿತು ಅಂತ ಒಂದನ್ನೇ ಬದಲಾಯಿಸಿ, ಉಳಿದವು ಸವೆದಿದ್ದರೆ ಸುತ್ತಳತೆ ಹೊಂದುವುದಿಲ್ಲ. ಆಗ ಡ್ರೈವ್ ಕ್ಲಚ್ ಬಿಸಿಯಾಗುವುದು, ಟ್ರ್ಯಾಕ್ಷನ್ ಕಂಟ್ರೋಲ್ ಸುಮ್ಮಸುಮ್ಮನೆ ಕೆಲಸ ಮಾಡುವುದು ಶುರುವಾಗುತ್ತದೆ. ಸ್ಕ್ಯಾನರ್ ಹಾಕಿದರೆ ಯಾವುದೋ ಸೆನ್ಸರಿನ ಕೋಡ್ ತೋರಿಸುತ್ತದೆ. ಸೆನ್ಸರ್ ಆರ್ಡರ್ ಮಾಡುವ ಮೊದಲು ನಾಲ್ಕೂ ಟೈರಿನ ತೋಡಿನ ಆಳ ಅಳೆಯಿರಿ. ಡಾಕಾರ್‌ನ ಹೊಸ ಟೈರಿನಲ್ಲಿ ಅದು 9 ಮಿ.ಮೀ. ಇರುತ್ತದೆ. ಸ್ಟೆರಾಟೊದಲ್ಲಿ ಶಕ್ತಿ ಕಮ್ಮಿ ಅನಿಸಿದರೆ ಏರ್ ಫಿಲ್ಟರ್ ಬಿಚ್ಚಿ. ಧೂಳು ಕಡಿಮೆ ಹೋಗಲಿ ಅಂತ ಅದಕ್ಕೆ ಗಾಳಿಯನ್ನು ಮೇಲ್ಛಾವಣಿಯಿಂದ ಎಳೆಯುವ ಹಾಗೆ ಮಾಡಿದ್ದಾರೆ. ಕಡಿಮೆ ಹೋಗುತ್ತದೆ ನಿಜ, ಆದರೆ ಮುಂದಿನ ಗಾಡಿಗೆ ಅಂಟಿಕೊಂಡು ಅದರ ಧೂಳಿನಲ್ಲೇ ದಿನವಿಡೀ ಓಡಿಸಿದರೆ ಮೇಲಿನ ಗಾಳಿಯೂ ಧೂಳೇ.